ತಿಳಿ ಎಂದು ಬರೆದದ್ದು

ಮೊದಲು ಕೇಳಿಸಿದ್ದು ಒಂದು ಬಿಕ್ಕಳಿಕೆ. ಬುಧವಾರ ರಾತ್ರಿ, ಒಂದೂವರೆಯ ಸುಮಾರು. ಗೋಡೆಯಾಚೆ ಜನರೇಟರ್ ಒಂದೇ ಸಮನೆ ಓಡುತ್ತಿತ್ತು; ಆ ದೊಡ್ಡ ಸದ್ದಿನ ಹೊಟ್ಟೆಯೊಳಗೆ ಈ ಸಣ್ಣ ಸದ್ದು, ಪಂಕ್ತಿಯಲ್ಲಿ ಊಟಕ್ಕೆ ಕೂತವರು ನಾಚಿ ಅಲ್ಲೇ ನುಂಗಿಕೊಂಡಂಥದು. ನೀಲಕ್ಕ ಹಾಸಿಗೆಯ ಮೇಲೆ ಎದ್ದು ಕೂತಳು. ಮಿಶ್ರಿಕೋಟಿ ರಸ್ತೆಯ ಈ ಧರ್ಮಾರ್ಥ ದವಾಖಾನೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು ಅವಳು. ಪರೀಕ್ಷೆಯ ಕೋಣೆಯ ಹಿಂದಿನ ಕೋಣೆಯೇ ಅವಳ ಮನೆ; ಆ ಮನೆಯ ಹಿಂಗೋಡೆಗೆ ಹತ್ತಿಕೊಂಡೇ ಜನರೇಟರಿನ ಖೋಲಿ. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಆಪರೇಶನ್ ಕೋಣೆಯಲ್ಲಿ, ಸಂಜೆ ದುಮ್ಮವಾಡದಿಂದ ಚಕ್ಕಡಿಯಲ್ಲಿ ಕರೆತಂದಿದ್ದ ಹನಮವ್ವ ಎಂಬ ಚೊಚ್ಚಲ ಬಸುರಿಯ ಹೊಟ್ಟೆ ಕೊಯ್ದು ಕೂಸನ್ನು ತೆಗೆಯುತ್ತಿದ್ದರು. ಎರಡನೆಯ ಬಿಕ್ಕಳಿಕೆ ಬರುವ ಮೊದಲೇ ಅದು ಏನೆಂದು ನೀಲಕ್ಕನಿಗೆ ಗೊತ್ತಾಗಿತ್ತು. ನೀರು. ಡೀಸೆಲ್ ಎಣ್ಣೆಯ ಕೂಡ ನೀರು ಬರುತ್ತಿದೆ. ಹಾಗೆ ಗೊತ್ತಾದಾಗ ತನಗೆ ಆಶ್ಚರ್ಯವಾಗಲಿಲ್ಲ ಎಂಬುದನ್ನೂ ಅವಳು ಗಮನಿಸಿದಳು. ಮೂರನೆಯದು ಉದ್ದಕ್ಕೆ ಎಳೆಯಿತು. ಆಮೇಲೆ ಎಂಜಿನ್ನು ನಿಂತುಹೋಗಿ, ಅದು ಅಷ್ಟು ಹೊತ್ತು ಮುಚ್ಚಿಟ್ಟಿದ್ದ ಜೀರುಂಡೆಗಳ ದನಿ ನಾಲ್ಕೂ ಕಡೆಯಿಂದ ಎದ್ದಿತು.

ಆಯಾ ಅನ್ನವ್ವ ಓಡಿಬಂದು ಬಾಗಿಲು ಬಡಿದಳು. "ಅಕ್ಕಾರ, ಬ್ಯಾಟರಿ ಐತೇನ್ರಿ ನಿಮ್ಮ ಕಡೆ? ಲಗೂ ಬರ್ರಿ, ಡಾಕ್ಟರ್ ಕೈ ಒಳಗ ಇಟಗೊಂಡ ಹಂಗ ನಿಂತಾರ." ನೀಲಕ್ಕ ಬ್ಯಾಟರಿ ಹಿಡಿದು ನಿಂತದ್ದು ಒಂದು ತಾಸೋ, ಹೆಚ್ಚೋ. ಬೆಳಕಿನ ಸಣ್ಣ ದುಂಡು ಚಕ್ರದಲ್ಲಿ ಡಾಕ್ಟರ ಬೆರಳುಗಳು ಯಾರದೋ ಮನೆಯ ಕೆಲಸದಂತೆ ತಮ್ಮಷ್ಟಕ್ಕೆ ನಡೆದಿದ್ದವು. ಹೊರಗೆ ಜನರೇಟರ್ ನೋಡಿಕೊಳ್ಳುವ ಮಹಬೂಬಸಾಬ ಹ್ಯಾಂಡಲ್ ತಿರುವುತ್ತಿದ್ದ. ತಿರುವುವುದು, ನಿಲ್ಲುವುದು, ಏದುಸಿರು, ಮತ್ತೆ ತಿರುವುವುದು. ದವಾಖಾನೆ ಕಮಿಟಿಯ ಚೇರ್ಮನ್ನರ ಮನೆಯಿಂದ ಗ್ಯಾಸಬತ್ತಿ ಬರುವ ಹೊತ್ತಿಗೆ ಕೂಸು ಅತ್ತಿತ್ತು. ತಾಯಿಗೆ ರಕ್ತ ಬಹಳ ಹೋಗಿತ್ತು, ಆದರೆ ಉಳಿದಳು. ಡಾಕ್ಟರು ಕೈಗವಸು ಬಿಚ್ಚುತ್ತ, "ನಿಮ್ಮ ಕೈ ಅಗದಿ ಗಟ್ಟಿ ಐತ್ರಿ. ಒಂದೀಟೂ ನಡುಗಲಿಲ್ಲ," ಎಂದರು. ನೀಲಕ್ಕ ತನ್ನ ಕೈ ನೋಡಿಕೊಂಡಳು. ಹೌದು, ನಡುಗಿರಲಿಲ್ಲ. ನಡುಗಬೇಕಾಗಿತ್ತೆಂದು ಅನ್ನಿಸಿತು.

ಗುರುವಾರ ಬೆಳಿಗ್ಗೆ ಎಂದಿನಂತೆ ಎಂಟು ಬಸುರಿಯರ ಮೂತ್ರದ ಎಂಟು ಬಾಟಲಿಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಅವಳು ಸ್ಪಿರಿಟ್ ದೀಪ ಹಚ್ಚಿ ಒಂದೊಂದನ್ನೇ ಕಾಸಿದಳು. ಕಾಸಿದಾಗ ಕೆಳಗೆ ಬಿಳಿಯದು ಕೂತರೆ ಕೆಟ್ಟದ್ದು, ಕೂರದಿದ್ದರೆ ಒಳ್ಳೆಯದು. ದ್ರವಗಳ ವಿಷಯದಲ್ಲಿ ಜಗತ್ತು ಸರಳವಾಗಿದೆ, ತಳವನ್ನು ನೋಡಿದರಾಯಿತು; ಅಂದಾನೆಪ್ಪ ಹೇಳುತ್ತಿದ್ದುದೂ ಅದನ್ನೇ. ಅಣ್ಣಿಗೇರಿಯ ಆ ಮುದುಕ ಎರಡು ವರ್ಷದ ಹಿಂದೆ ಈ ಜನರೇಟರನ್ನು ಕೂಡಿಸಲು ಬಂದವನು, ಆರು ತಿಂಗಳಿದ್ದು ಮಹಬೂಬಸಾಬನಿಗೆ ಕೆಲಸ ಕಲಿಸಿ ಊರಿಗೆ ಮರಳಿದ. ಅದಕ್ಕೆ ಮೊದಲು ಅವನು ಮುಂಬೈಯ ಆಚೆ ಎಲ್ಲೋ ಒಂದು ಅಣುವಿದ್ಯುತ್ ಕೇಂದ್ರದಲ್ಲಿ ಡೀಸೆಲ್ ಮೇಸ್ತ್ರಿಯಾಗಿದ್ದನಂತೆ. ಕರೆಂಟು ಹುಟ್ಟಿಸುವ ಜಾಗದಲ್ಲಿ ಜನರೇಟರ್ ಯಾಕೆಂದು ಅವಳು ಕೇಳಿದ್ದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದರೂ ಅದು ಅವಳಿಗೆ ಹೊಳೆದಿರಲಿಲ್ಲ. "ಅಲ್ಲಿ ಒಲಿ ಆರಿಸಿದ್ರೂ ಬಿಸಿ ಆರೂದಿಲ್ಲ ತಂಗಿ," ಎಂದಿದ್ದ ಅಂದಾನೆಪ್ಪ. "ಒಳಗ ನೀರು ತಿರಗತಾನ ಇರಬೇಕು. ಹೊರಗಿನ ಕರೆಂಟ್ ಹೋತಂದ್ರ ನೀರು ತಿರಗಸಾವ್ರು ಯಾರು? ನಮ್ಮ ಜನರೇಟರು. ನಾ ಇದ್ದ ಆರು ವರ್ಷದಾಗ ಒಮ್ಮೆನೂ ಅದಕ್ಕ ಖರೇ ಕೆಲಸ ಬರಲಿಲ್ಲ. ಆದ್ರೂ ತಪ್ಪದ ಎಣ್ಣಿ ನೋಡತಿದ್ವಿ. ಮಷೀನು ಕೆಡೂದು ಓಡಿ. ಎಣ್ಣಿ ಕೆಡೂದು ಸುಮ್ನ ಕುಂತು."

ಆ ಪದ್ಧತಿಯನ್ನೇ ಅವನು ಇಲ್ಲಿಗೂ ತಂದ. ಪ್ರತಿ ಸೋಮವಾರ ಬೆಳಿಗ್ಗೆ, ಖೋಲಿಯ ಮುಂದಿನ ಕಟ್ಟೆಯ ಮೇಲಿನ ದೊಡ್ಡ ಟಾಕಿಯ ತಳದ ನಳದಿಂದ ಒಂದು ಬಿಳಿ ಗಾಜಿನ ಬಾಟಲಿಗೆ ಎಣ್ಣೆ ಹಿಡಿಯುವುದು, ಚಹಾ ಕುಡಿದು ಬರುವ ತನಕ ಅಲುಗಾಡಿಸದೆ ಇಡುವುದು, ಆಮೇಲೆ ವೃತ್ತಪತ್ರಿಕೆಯ ಒಂದು ಸಾಲಿನ ಮುಂದೆ ಹಿಡಿದು ಎಣ್ಣೆಯ ಮೂಲಕ ಆ ಸಾಲನ್ನು ಓದುವುದು. ಅಕ್ಷರ ಸ್ಪಷ್ಟ ಕಂಡು, ತಳದಲ್ಲಿ ನೀರಿನ ಗೆರೆ ಇಲ್ಲದಿದ್ದರೆ ರಜಿಸ್ಟರಿನಲ್ಲಿ ತಾರೀಖು ಹಾಕಿ 'ತಿಳಿ' ಎಂದು ಬರೆಯುವುದು. ಇಲ್ಲವಾದರೆ 'ಮಬ್ಬು' ಎಂದು ಬರೆದು, ನೀರೆಲ್ಲ ಹೋಗುವ ತನಕ ನಳ ಬಿಡುವುದು. ಆ ಅಣುವಿದ್ಯುತ್ ಕೇಂದ್ರದಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಎರಡು ಶಬ್ದ ಬರೆಯುತ್ತಿದ್ದರಂತೆ. "ನಮಗ ಒಂದ ಸಾಕು. ತಿಳಿ ಅಂದ್ರ ನೀರಿನಂಗ ತಿಳಿ ಇರೂದು. ತಿಳಿ ಅಂದ್ರ, ಲೇ ಮಗನ ನೀ ತಿಳಕೋ, ಅಂತನೂ ಆತು," ಎಂದು ನಕ್ಕಿದ್ದ. ಕೆಲಸವನ್ನು ಅವಳಿಗೆ ಒಪ್ಪಿಸುವಾಗ ಮಾತ್ರ ನಗಲಿಲ್ಲ. "ಒಂದು ವಾರ ನೋಡೂದಾಗಲಿಲ್ಲ, ಖಾಲಿ ಬಿಡು. ಖಾಲಿ ಕಂಡ್ರ ಯಾರರೆ ಬಂದು ಟಾಕಿ ನೋಡತಾರ. ನೋಡದ ತಿಳಿ ಅಂತ ಬರದಿ ಅಂದ್ರ ಯಾರೂ ನೋಡೂದಿಲ್ಲ. ನೀರಿಗಿಂತ ಅದು ಕೆಟ್ಟದ್ದು."

ಎಂಟನೆಯ ಬಾಟಲಿಯ ತಳದಲ್ಲಿ ಏನೂ ಕೂರಲಿಲ್ಲ. ಅವಳು ಚೀಟಿ ಬರೆದು ಅಂಟಿಸಿದಳು. ಬಾಟಲಿಯ ಕೆಲಸ ಬಾಟಲಿಯವರಿಗೇ ಇರಲಿ ಎಂದು ಡಾಕ್ಟರು ಎಣ್ಣೆ ಪರೀಕ್ಷೆಯನ್ನು ಅವಳಿಗೆ ಹಚ್ಚಿದ ದಿನದಿಂದ ದವಾಖಾನೆಗೆ ಅದೊಂದು ನಗೆಯ ಮಾತಾಗಿತ್ತು. ಎಣ್ಣೆಯ ಬಣ್ಣ ಅದಕ್ಕೆ ತಕ್ಕ ಹಾಗೇ ಇತ್ತು. "ಏನ್ರಿ ಅಕ್ಕಾರ, ಟಾಕಿಗೆ ತಿಂಗಳು ಎಷ್ಟರಾಗ ಬಿದ್ದಾವ್ರಿ?" ಎಂದು ಅನ್ನವ್ವ ಅಂಗಳದ ಆ ತುದಿಯಿಂದ ಕೂಗುವಳು. "ಗಂಡೋ ಹೆಣ್ಣೋ ಅದನ್ನೂ ನೋಡಿ ಹೇಳಿಬಿಡ್ರಿ!" ನೀಲಕ್ಕನಿಗೂ ನಗು ಬರುತ್ತಿತ್ತು. ನಗು ನಿಂತದ್ದು ಆರು ವಾರದ ಹಿಂದಿನ ಸೋಮವಾರ. ನವಲಗುಂದದಿಂದ ಒಬ್ಬ ಹೆಂಗಸು ಹೊಟ್ಟೆನೋವೆಂದು ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತಿದ್ದಳು. ಅವಳು ನೀಲಕ್ಕನಿಗೆ ನೋಡಿದ್ದ ವರನ ಸೋದರತ್ತೆ, ಹುಡುಗಿಯನ್ನು ಸುಳಿವು ಕೊಡದೆ ನೋಡಲು ಬಂದವಳು ಎಂಬುದು ಗೊತ್ತಾದದ್ದು ಆಮೇಲೆ. ನೀಲಕ್ಕ ಕಿಟಕಿಯ ಬೆಳಕಿಗೆ ಹಳದಿ ಬಾಟಲಿಯನ್ನು ಎತ್ತಿ ಹಿಡಿದಿದ್ದಳು. ಹಳೆಯ ಎಣ್ಣೆಗೆ ಒಂದು ಹುಳಿ ವಾಸನೆ ಬರುತ್ತದೆ ಎಂದು ಅಂದಾನೆಪ್ಪ ಹೇಳಿದ್ದ. ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದಳು. "ಇವ್ವs, ಮೂಸಿ ನೋಡ್ತಾಳಲ್ಲೇ!" ಎಂದು ಆ ಹೆಂಗಸು ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಬೆಂಚಿನ ತುಂಬ ಸೆರಗುಗಳು ಬಾಯಿಗೆ ಹೋದವು. ಇದು ಡೀಸೆಲ್ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ತಿರುಗಿದಾಗ, ಡೀಸೆಲ್ ಮೂಸುವ ಹುಡುಗಿ ಮೂತ್ರ ಮೂಸುವವಳಿಗಿಂತ ಯಾವ ರೀತಿಯಲ್ಲಿ ಮೇಲು ಎಂದು ತೋಚದೆ, ಮುಚ್ಚಳ ಹಾಕಿದಳು. ನವಲಗುಂದದಿಂದ ಮುಂದೆ ಯಾವ ಮಾತೂ ಬರಲಿಲ್ಲ. ಅದಕ್ಕೆ ಇದೇ ಕಾರಣವೆಂದು ಯಾರೂ ಹೇಳಿರಲಿಲ್ಲ. ಕುಂದಗೋಳದಿಂದ ಅವ್ವ ಬರೆದ ಕಾರ್ಡಿನಲ್ಲಿ 'ಜಾತಕ ಕೂಡಲಿಲ್ಲ' ಎಂದಷ್ಟೇ ಇತ್ತು. ಮುಂದಿನ ಸೋಮವಾರ ಬೆಂಚಿನ ತುಂಬ ಜನ ಇದ್ದರು. ಅವಳು ಬಾಟಲಿಯನ್ನು ಜನರೇಟರ್ ಖೋಲಿಯ ಗೋಡೆಯ ಮಾಡದಲ್ಲೇ ಬಿಟ್ಟು ಬಂದು, ರಜಿಸ್ಟರಿನಲ್ಲಿ ದುಂಡಗೆ 'ತಿಳಿ' ಎಂದು ಬರೆದಳು. ಎರಡೇ ಅಕ್ಷರ. ಅದರ ಮುಂದಿನ ಸೋಮವಾರ ಬರೆಯುವುದು ಇನ್ನೂ ಸುಲಭವಾಗಿತ್ತು.

ಇಷ್ಟಾದರೂ ಅದೊಂದು ಸುಮ್ಮನೆ ಸುಳ್ಳಾಗಿ ಉಳಿಯುತ್ತಿತ್ತು, ದಸರೆಯ ಖಂಡೇಪೂಜೆ ಬರದಿದ್ದರೆ. ಹೋದ ಶುಕ್ರವಾರ ಎಲ್ಲರೂ ಅವರವರ ಹತಾರಗಳನ್ನು ತೊಳೆದರು; ಡಾಕ್ಟರ ಕತ್ತರಿಗಳಿಗೂ ಅವಳ ತಕ್ಕಡಿಗೂ ಕುಂಕುಮ ಬಿತ್ತು. ಮಹಬೂಬಸಾಬ ಹೋದ ವರ್ಷದಂತೆಯೇ ಎಲ್ಲರಿಗಿಂತ ಮೊದಲು ಎದ್ದು ಜನರೇಟರ್ ಒರೆಸಿ, ಟಾಕಿಗೆ ಚೆಂಡುಹೂವಿನ ಸರ ಕಟ್ಟಿದ್ದ. ಟಾಕಿಯ ನೆತ್ತಿಯ ಮೇಲೆ, ಕೋಲು ಇಳಿಸಿ ಎಣ್ಣೆ ಅಳೆಯುವ ತೂತಿಗೆ ಒಂದು ಹಿತ್ತಾಳೆಯ ಮುಚ್ಚಳ; ದೇವರ ಮುಂದಿನ ದೀಪದ ಸಮೆಯನ್ನು ಬೆಳಗುವ ಹಾಗೆ ಅದನ್ನೂ ಬೆಳಗಬೇಕೆಂದು ಬಿಚ್ಚಿ, ಹುಣಸೆಹಣ್ಣು ಹಚ್ಚಿ ಮೆಟ್ಟಿಲ ಮೇಲೆ ನೆನೆಯಲು ಇಟ್ಟಿದ್ದ. ಅವನು ಇನ್ನಷ್ಟು ಹೂವು ತರಲು ಹೋದಾಗ ಅನ್ನವ್ವ ಬಂದಳು. ಟಾಕಿಗೆ ಎರೆಯಬೇಕಲ್ಲ. ಬಸವಣ್ಣನಿಗೆ ಎರೆದಷ್ಟೇ ಅಚ್ಚುಕಟ್ಟಾಗಿ ಮೂರು ಕೊಡ ನೀರನ್ನು ಅದರ ನೆತ್ತಿಯ ಮೇಲೆ ಎರೆದಳು. ನೀಲಕ್ಕ ಕಿಟಕಿಯಲ್ಲಿ ಜಡೆ ಹೆಣೆಯುತ್ತ ನಿಂತಿದ್ದಳು. ಮೆಟ್ಟಿಲ ಮೇಲೆ ಮುಚ್ಚಳ ಹೊಳೆಯುತ್ತಿರುವುದು ಕಾಣಿಸಿತು. ನೀರು ಟಾಕಿಯ ಮೇಲಿನಿಂದ ಹರಿದು ಬೀಳುವುದರಲ್ಲಿ ಎಲ್ಲೋ ಒಂದಿಷ್ಟು ಕಡಿಮೆಯಾದಂತೆ, ಮಧ್ಯದಲ್ಲಿ ಗುಳುಗುಳು ಎಂದಂತೆ ಕಂಡಿತು. ಕೈಯಲ್ಲಿ ಮೂರು ಎಳೆ ಜಡೆ ಇತ್ತು. ಸೋಮವಾರ ನೋಡಿದರಾಯಿತು, ಎಂದುಕೊಂಡಳು. ಸೋಮವಾರ ನಿಜವಾಗಿಯೂ ಎದ್ದು ಖೋಲಿಯ ಬಾಗಿಲ ತನಕ ಹೋದಳು. ಟಾಕಿಯ ಕಟ್ಟೆಯ ಮೇಲೆ ರೋಗಿಗಳ ಕಡೆಯ ಇಬ್ಬರು ಗಂಡಸರು ತಂಬಾಕು ತಿಕ್ಕುತ್ತ ಕೂತಿದ್ದರು. ಅವರ ಕಾಲ ನಡುವೆ ಬಗ್ಗಿ ನಳಕ್ಕೆ ಬಾಟಲಿ ಹಿಡಿಯಬೇಕಾಗಿತ್ತು. ಮರಳಿ ಬಂದು ಪೆನ್ನಿನ ಟೊಪ್ಪಿಗೆ ತೆಗೆದಳು. ಖಾಲಿ ಬಿಡಬಹುದಾಗಿತ್ತು. ಐದು ಸೋಮವಾರಗಳ 'ತಿಳಿ' ಒಂದರ ಕೆಳಗೊಂದು ನಿಂತಿದ್ದವು. ಅವುಗಳ ಕೆಳಗೆ ಖಾಲಿ ಮನೆ ಕೆಟ್ಟದಾಗಿ ಕಾಣುತ್ತಿತ್ತು.

ಹನ್ನೊಂದು ಗಂಟೆಗೆ ಕಮಿಟಿಯ ಚೇರ್ಮನ್ ಶಂಭುಲಿಂಗಪ್ಪ ಬಂದು ಡಾಕ್ಟರ ಖುರ್ಚಿಯಲ್ಲಿ ಕೂತರು. ಡಾಕ್ಟರು ಪಕ್ಕದಲ್ಲಿ ನಿದ್ದೆಗಣ್ಣಲ್ಲಿದ್ದರು. ಮಹಬೂಬಸಾಬ ಬಾಗಿಲ ಹತ್ತಿರ, ಚಪ್ಪಲಿ ಹೊರಗೆ ಬಿಟ್ಟು, ಎಣ್ಣೆಗೈಗಳನ್ನು ಹಿಂದೆ ಕಟ್ಟಿ ನಿಂತಿದ್ದ. ಅವನೇ ಬೆಳಿಗ್ಗೆ ಟಾಕಿಯ ನಳ ಬಿಟ್ಟು ಎರಡು ಬಕೀಟು ನೀರು ತೆಗೆದು, ಮುಚ್ಚಿಡದೆ ಎಲ್ಲರಿಗೂ ತೋರಿಸಿದ್ದ.

"ಏನಪಾ ಮಹಬೂಬ," ಎಂದರು ಶಂಭುಲಿಂಗಪ್ಪ. "ಮಳಿ ಇಲ್ಲ, ಮಾಡ ಇಲ್ಲ. ಎರಡು ಬಕೀಟು ನೀರು ಭಾವಿಯಿಂದ ಎದ್ದು ನಡಕೋತ ಬಂದೂ ಏನ?"

"ಗೊತ್ತಿಲ್ರಿ ಧಣೀ."

"ರಾತ್ರಿ ಖೋಲಿ, ಟಾಕಿ ಕೀಲಿ ಯಾರ ಕಡೆ ಇರ್ತೈತಿ?"

"ನನ್ನ ಕಡೇನ ಇರ್ತೈತ್ರಿ."

ಶಂಭುಲಿಂಗಪ್ಪ ರಜಿಸ್ಟರು ತೆರೆದು ಬೆರಳಿಟ್ಟರು. "ಇಲ್ಲಿ ನೋಡು. ಸೋಮವಾರ, ತಿಳಿ. ಕರಿ ಅಕ್ಷರದಾಗ ಬರದೈತಿ. ಸೋಮವಾರ ತಿಳಿ ಇದ್ದ ಎಣ್ಣಿ ಬುಧವಾರ ನೀರಾತು. ನಡುವ ಇದ್ದದ್ದು ಎರಡು ರಾತ್ರಿ. ಎಷ್ಟು ಮಂದಿ ಪಂಪಸೆಟ್ಟಿನವ್ರು ಡಬ್ಬಿ ಹಿಡಕೊಂಡು ಬಂದಿದ್ರು ಆ ಎರಡು ರಾತ್ರಿ? ಎಣ್ಣಿ ತಗದು ಕೊಟ್ಟಿ, ಕೋಲು ಇಳಿಸಿದ್ರ ಅಳತಿ ಬರೋಬ್ಬರಿ ಇರಬೇಕಲ್ಲ, ನೀರು ಹಾಕಿದಿ. ಬುದ್ಧಿವಂತ ಅದಿ ಬಿಡು."

ಮಹಬೂಬಸಾಬನ ಮುಖ ಒಮ್ಮೆ ಎದ್ದಿತು. "ಅಲ್ಲಾನ ಆಣಿ, ಹಂಗಲ್ರಿ. ಖಂಡೇಪೂಜಿ ದಿನಾ…" ಎಂದವನು ನಿಲ್ಲಿಸಿದ. ಚಹಾದ ತಾಟು ಹಿಡಿದು ಅನ್ನವ್ವ ಒಳಗೆ ಬರುತ್ತಿದ್ದಳು.

"ಖಂಡೇಪೂಜಿಗೆ ಏನಾತು?"

"ಏನಿಲ್ರಿ."

ನೀಲಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ತನ್ನ ಎರಡಕ್ಷರದ ಸುಳ್ಳು ನಿನ್ನೆಯ ತನಕ ಯಾರ ಗೊಡವೆಗೂ ಹೋಗದೆ ಕಾಗದದ ಮೇಲೆ ಬಿದ್ದುಕೊಂಡಿತ್ತು, ಈಗ ಅದೇ ಎದ್ದು ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡುತ್ತಿರುವುದು ಅವಳಿಗೆ ಲೆಕ್ಕ ಬಿಡಿಸಿದಷ್ಟು ನಿಚ್ಚಳವಾಗಿ ಕಾಣುತ್ತಿತ್ತು. ಆ ಮನೆ ಖಾಲಿ ಇದ್ದಿದ್ದರೆ ನೀರು ಯಾವಾಗಲಾದರೂ ಬಂದಿರಬಹುದಿತ್ತು. ಒಂದು ವಾಕ್ಯ ಸಾಕು. ಅವಳು ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿದಳು: ಸೋಮವಾರ ನಾನು ಎಣ್ಣೆಯನ್ನು ಪರೀಕ್ಷಿಸಿರಲಿಲ್ಲ. ಅದು ಬಹಳ ಬೋಳಾಗಿತ್ತು. ಸೋಮವಾರ ಎಣ್ಣೆಯನ್ನು ಪರೀಕ್ಷಿಸಲು ಸಾಧ್ಯವಾಗಿರಲಿಲ್ಲ. ಇದರಲ್ಲಿ 'ನಾನು' ಇರಲಿಲ್ಲ, ಆದರೆ ಯಾಕೆ ಸಾಧ್ಯವಾಗಲಿಲ್ಲ ಎಂದು ಕೇಳುತ್ತಾರೆ. ಪರೀಕ್ಷಿಸಲಾಗಿರಲಿಲ್ಲ. ವ್ಯಾಕರಣ ಸರಿ, ಕರ್ತೃವೇ ಇಲ್ಲ.

"ತಂಗಿ, ನೀ ಕಲತಾಕಿ," ಎಂದು ಶಂಭುಲಿಂಗಪ್ಪ ಅವಳ ಕಡೆ ತಿರುಗಿದರು. "ಇದು ನೀನ ಬರದದ್ದು ಹೌದಲ್ಲ?"

"ಹೌದ್ರಿ," ಎಂದಳು. "ಬರದದ್ದು ನಾನ."

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅದನ್ನು ಅವಳು ಆ ಕ್ಷಣದಲ್ಲೇ ಗಮನಿಸಿ, ಜೋಪಾನವಾಗಿ ಇಟ್ಟುಕೊಂಡಳು. ಶಂಭುಲಿಂಗಪ್ಪ ತಲೆಯಾಡಿಸಿದರು. "ಆ ಬಾಟಲಿ ಎಲ್ಲೈತಿ? ತಗೊಂಡ ಬಾರಪಾ, ಅದನ್ನಷ್ಟ ನೋಡೂಣು."

ಮಹಬೂಬಸಾಬ ಹೋದ. ನೀಲಕ್ಕ ಬಾಗಿಲ ಕಡೆ ನೋಡಿದಳು. ಬಾಟಲಿ ಐದು ವಾರದಿಂದ ಆ ಮಾಡದಲ್ಲಿತ್ತು. ಸೋಮವಾರ ಬಾಗಿಲಲ್ಲಿ ನಿಂತು ನೋಡಿದ್ದಳಲ್ಲ, ಮೈಮೇಲೆ ಒಂದು ಪದರು ದೂಳು, ಕೊರಳಿನಲ್ಲಿ ಜೇಡ ಬಲೆ ಕಟ್ಟಿ ಬಿಳಿಯದೊಂದು ಮೊಟ್ಟೆಯ ಗಂಟನ್ನು ಇಟ್ಟಿತ್ತು. ಅದನ್ನು ತಂದು ಮೇಜಿನ ಮೇಲೆ ಇಟ್ಟರೆ ಮುಗಿಯಿತು, ಯಾರೂ ಏನೂ ಹೇಳಬೇಕಾಗಿಲ್ಲ. ಹಾಗಾಗಲಿ ಎಂದು ಒಂದು ಕಡೆಯಿಂದ ಅನ್ನಿಸಿತು. ತಾನು ಬಾಯಿ ತೆರೆಯದೆ ಎಲ್ಲ ಬಯಲಾದರೆ, ಹೇಳದೆ ಇದ್ದ ಪಾಪವಾದರೂ ತಪ್ಪೀತು. ಅವನು ತಡಮಾಡಿದ. ಅಂಗಳದಲ್ಲಿ ನಳದ ನೀರು ಬಿದ್ದ ಸದ್ದು ಕೇಳಿಸಿತು. ಆಮೇಲೆ ಅವನು ಬಂದು ಬಾಟಲಿಯನ್ನು ಎರಡೂ ಕೈಯಿಂದ ಮೇಜಿನ ಮೇಲೆ ಇಟ್ಟ. ಅದು ತೊಳೆದು ಫಳಫಳ ಹೊಳೆಯುತ್ತಿತ್ತು. ಬುಡದಿಂದ ನೀರು ಇಳಿದು ರಜಿಸ್ಟರಿನ ಅಂಚಿಗೆ ತಾಗಿತು. ಶಂಭುಲಿಂಗಪ್ಪ ಅದನ್ನು ಬೆಳಕಿಗೆ ಹಿಡಿದರು. "ಬಾಟಲಿ ಮಾತ್ರ ಅಗದಿ ಸ್ವಚ್ಛ ಇಟ್ಟಾರ," ಎಂದು ಡಾಕ್ಟರಿಗೆ ಹೇಳಿದರು. ಮಹಬೂಬಸಾಬನಿಗೆ, "ನಾಳಿಂದ ಬರಬ್ಯಾಡ. ಪೊಲೀಸರ ತನಕಾ ಒಯ್ಯೂದಿಲ್ಲ, ದವಾಖಾನಿ ಹೆಸರು ಐತಿ. ಕೀಲಿ ಅಲ್ಲಿಡು," ಎಂದರು.

ಮಧ್ಯಾಹ್ನ ಅವನು ಖೋಲಿಯಿಂದ ತನ್ನ ಅಂಗಿ, ಊಟದ ಡಬ್ಬಿ ತೆಗೆದುಕೊಳ್ಳುತ್ತಿದ್ದಾಗ ನೀಲಕ್ಕ ಬಾಗಿಲ ತನಕ ಹೋದಳು. ಯಾಕೆ ಹೋದಳೆಂದು ಕೇಳಿದರೆ ಹೇಳಿಬಿಡಲು ಎಂದು ಅವಳು ಹೇಳುತ್ತಿದ್ದಳು. ಬಾಯಿಂದ ಬಂದದ್ದು ಬೇರೆ. "ಮಹಬೂಬಕಾಕಾ, ಆ ಬಾಟಲಿ ಯಾಕ ತೊಳದ್ರಿ?"

ಅವನು ಅಂಗಿ ಮಡಚುತ್ತಿದ್ದ. "ದೂಳಾ ಕುಂತಿತ್ರಿ ಅಕ್ಕಾರ. ದೊಡ್ಡವರ ಮುಂದ ಹೆಂಗ ಇಡೂದಂತ ತೊಳದೆ."

ಅವಳು ಅವನ ಮುಖವನ್ನು, ಕಾಸಿದ ಬಾಟಲಿಯ ತಳವನ್ನು ನೋಡುವ ಹಾಗೆ ನೋಡಿದಳು. ಏನೂ ಕೂತಿರಲಿಲ್ಲ. ಒಂಬತ್ತು ವರ್ಷ ಇಲ್ಲಿ ಚಹಾದ ಕಪ್ಪಿನಿಂದ ಹಿಡಿದು ಹೆಣದ ಸ್ಟ್ರೆಚರಿನ ತನಕ ದೊಡ್ಡವರ ಮುಂದೆ ತರುವುದನ್ನೆಲ್ಲ ತೊಳೆದು ತಂದವನು. ಅದೊಂದು ರೂಢಿ ಇದ್ದೀತು. ಅಥವಾ ಜೇಡನ ಗಂಟನ್ನು ನೋಡಿ, ಎಲ್ಲ ತಿಳಿದು, ಬೆರಳು ಹಾಕಿ ತೆಗೆದಿದ್ದಾನು. ಎರಡರಲ್ಲಿ ಯಾವುದಾದರೆ ತನಗೆ ಹಗುರವಾದೀತು ಎಂದು ಅವಳು ಯೋಚಿಸಿದಳು. "ಖಂಡೇಪೂಜಿ ದಿನಾ ಅಂದ್ರಲ್ಲ, ಮುಂದ ಯಾಕ ಹೇಳಲಿಲ್ಲ?" ಎಂದಳು.

"ಏನ ಹೇಳೂದ್ರಿ? ಮುಚ್ಚಳಾ ಬಿಚ್ಚಿಟ್ಟಾಂವ ನಾನ. ಆ ಅನ್ನವ್ವ ಪಾಪ, ಭಕ್ತಿಲೆ ಎರದಾಳ. ಪೂಜಿ ನೀರು ಎಣ್ಣಿ ಕೆಡಿಸ್ತು ಅಂತ ನನ್ನ ಬಾಯಿಂದ ಬರಬೇಕಾ? ಮೊದಲ ನನ್ನ ಹೆಸರು ಏನೈತಿ ನೋಡ್ರಿ." ಅವನು ನಕ್ಕ. ನಕ್ಕು, ಡಬ್ಬಿಯನ್ನು ಅಂಗಿಯಲ್ಲಿ ಸುತ್ತಿದ. "ಕಳ್ಳ ಅಂದ್ರ ನಾಕ ದಿನಾ ಅಂತಾರ. ಅದನ್ನ ಅಂದ್ರ ಊರ ಬಿಡಬೇಕಾಗತೈತಿ. ಸೋಮವಾರ ನಿಮ್ಮ ಕಣ್ಣಿಗೆ ಹೆಂಗ ಬೀಳಲಿಲ್ಲ ಅನ್ನೂದ ನನಗ ತಿಳೀಲಿಲ್ಲ, ಅಷ್ಟ."

ಅವಳು ಉತ್ತರ ಕಟ್ಟುವುದರೊಳಗೆ ಅವನು ದಾರಿಗೆ ಇಳಿದಿದ್ದ. ಅದು ಪ್ರಶ್ನೆಯೋ, ತಿಳಿದವನು ಕೊಟ್ಟ ಕೊನೆಯ ಅವಕಾಶವೋ ಎಂದು ಅವಳು ಆ ರಾತ್ರಿಯೂ ಮರುದಿನವೂ ತಿರುಗಿಸಿ ಮುರುಗಿಸಿ ನೋಡಿದಳು.

ಶನಿವಾರ ಅವನ ಹೆಂಡತಿ ರಹೀಮಾಬಿ ಬಂದಳು. ಪರೀಕ್ಷೆಯ ಕೋಣೆಯ ಹೊಸ್ತಿಲಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ, ಮಡಚಿದ ಒಂದು ಬಿಳಿ ಹಾಳೆ ತೆಗೆದಳು. "ಅಕ್ಕಾ, ಕಮಿಟಿಗೆ ಒಂದ ಅರ್ಜಿ ಬರದ ಕೊಡ್ರಿ. ನಿಮ್ಮ ಅಕ್ಷರ ಅಗದಿ ದುಂಡಗ, ಓದಾವ್ರಿಗೆ ತ್ರಾಸ ಆಗೂದಿಲ್ಲ ಅಂತ ನಮ್ಮನಿಯವ್ರು ಯಾವಾಗ್ಲೂ ಹೇಳತಿದ್ರು."

"ಅವರ ಕಳಿಸಿದ್ರೇನು?"

"ಅಯ್ಯ, ಅವರಿಗೆ ಗೊತ್ತಾದ್ರ ಬೈತಾರ. ನಾನ ಬಂದೇನಿ. ಕೆಲಸಾ ತಿರಗಿ ಕೊಡ್ರಿ ಅಂತ ಬರೀಬ್ಯಾಡ್ರಿ. ಅಳ್ನಾವರದಾಗ ನಮ್ಮಣ್ಣ ಅದಾನ, ಕಟಿಗಿ ಅಡ್ಡಾದಾಗ ಕಾವಲಿಗೆ ಹಚ್ಚತೇನಿ ಅಂದಾನ. ಆದ್ರ ಕಳ್ಳ ಅನ್ನೂದು ಮೊದಲ ಹೋಗಿ ಅಲ್ಲಿ ಕುಂತಿದ್ರ ಯಾರು ಕೀಲಿ ಕೊಡತಾರ? ಕಳ್ಳ ಅಲ್ಲ ಅಂತ ಒಂದ ಮಾತು ಕಾಗದದ ಮ್ಯಾಲ ಇರಲಿ. ಅಷ್ಟ ಸಾಕು."

ನೀಲಕ್ಕ ಬರೆದಳು. ಒಂದೂವರೆ ಪುಟವಾಯಿತು. ಅವಳು ಅದುವರೆಗೆ ಬರೆದ ಎಲ್ಲಕ್ಕಿಂತಲೂ ಅದು ಚೆನ್ನಾಗಿತ್ತು. ಅರ್ಜಿದಾರಳ ಗಂಡನ ಒಂಬತ್ತು ವರ್ಷಗಳ ಸೇವೆ, ಒಂದು ದಿನವೂ ಬಾರದ ದೂರು, ಅಂದು ರಾತ್ರಿ ಕೈ ಬೊಬ್ಬೆ ಬರುವ ತನಕ ಅವನು ಹ್ಯಾಂಡಲ್ ತಿರುವಿದ್ದು, ಬೆಳಿಗ್ಗೆ ತಾನೇ ನೀರು ತೆಗೆದು ತೋರಿಸಿದ್ದು, ಕದ್ದವನು ಹಾಗೆ ತೋರಿಸುತ್ತಾನೆಯೇ ಎಂಬ ಪ್ರಶ್ನೆ. 'ಟಾಕಿಯಲ್ಲಿ ನೀರು ಹೇಗೆ ಮತ್ತು ಯಾವಾಗ ಸೇರಿತೆಂಬುದು ತಿಳಿದುಬಂದಿಲ್ಲ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ತಿಳಿದುಬಂದಿಲ್ಲ. ಯಾರಿಗೆ ಎಂಬುದನ್ನು ಕನ್ನಡದಲ್ಲಿ ಹೇಳದೆಯೂ ವಾಕ್ಯ ಪೂರ್ತಿಯಾಗುತ್ತದೆ. ಅವಳು ಪೂರ್ಣವಿರಾಮ ಇಟ್ಟಳು. ರಹೀಮಾಬಿ ಓದಿಸಿ ಕೇಳಿದಳು. ಹ್ಯಾಂಡಲ್ಲಿನ ಜಾಗದಲ್ಲಿ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಅದನ್ನೇ ಓದಿಸಿದಳು. ಹೆಬ್ಬೆಟ್ಟಿಗೆ ಶಾಯಿಯ ಪ್ಯಾಡು ಇರಲಿಲ್ಲ. ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧವನ್ನು ಹತ್ತಿಯಲ್ಲಿ ಅದ್ದಿ ನೀಲಕ್ಕನೇ ಆ ಹೆಬ್ಬೆರಳಿಗೆ ಬಳಿದು, ಹಿಡಿದು ಒತ್ತಿಸಿದಳು. "ಎಷ್ಟ ಛಂದ ಬರದ್ರಿ," ಎಂದಳು ರಹೀಮಾಬಿ. "ನಿಮಗ ಛಲೋ ಮನಿ ಸಿಗಲಿ." ಬಣ್ಣ ನೀಲಕ್ಕನ ಬೆರಳಿಗೂ ಹತ್ತಿತ್ತು, ಸ್ಪಿರಿಟ್ಟಿನಲ್ಲಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯಿತು.

ಅರ್ಜಿಯನ್ನು ಓದಿದ ಶಂಭುಲಿಂಗಪ್ಪ, ಬರೆದವರು ಯಾರೋ ಭಾಳ ತಿಳಿದವರಿರಬೇಕು ಎಂದು ಡಾಕ್ಟರ ಹತ್ತಿರ ಹೊಗಳಿ, ಆದರೆ ರಜಿಸ್ಟರಿನಲ್ಲಿ ಇದ್ದದ್ದು ಇದ್ದೇ ಇದೆಯಲ್ಲ ಎಂದು ಹೇಳಿ, ಮಡಚಿ ಖಾನೆಯಲ್ಲಿ ಇಟ್ಟರಂತೆ. ರವಿವಾರ ಮಹಬೂಬಸಾಬನ ಮನೆಯವರು ಪೆಟ್ಟಿಗೆ, ಹಾಸಿಗೆ ಬಸ್ಸಿನ ಮೇಲೆ ಏರಿಸಿ ಅಳ್ನಾವರಕ್ಕೆ ಹೋದರು. ಅದೇ ದಿನ ಹುಬ್ಬಳ್ಳಿಯಿಂದ ಇಬ್ಬರು ಬಂದು ಟಾಕಿ ತೊಳೆದು ಹೊಸ ಎಣ್ಣೆ ತುಂಬಿದರು.

ಸೋಮವಾರ ಬೆಂಚಿನ ತುಂಬ ಜನ ಇದ್ದರು. ನೀಲಕ್ಕ ಬಾಟಲಿ ಹಿಡಿದು ಅಂಗಳ ದಾಟಿದಳು, ಬಗ್ಗಿ ನಳ ತಿರುವಿದಳು, ತುಂಬಿದ ಬಾಟಲಿಯನ್ನು ಎಲ್ಲರ ಕಣ್ಣೆದುರೇ ಹಿಡಿದು ಒಳಗೆ ಬಂದಳು. ಯಾರೂ ನಗಲಿಲ್ಲ. ಯಾರೂ ನೋಡಿಯೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವರವರ ಹೊಟ್ಟೆಯ ಮೇಲೆ ಅವರವರ ಕೈ ಇತ್ತು. ಅವಳು ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಕಾದಳು. ಆಗ ಅನ್ನವ್ವ ಬಂದು ಬಾಗಿಲು ಮುಂದೆ ಮಾಡಿಕೊಂಡಳು. ನಾಲ್ಕು ದಿನದಿಂದ ಅವಳು ಯಾವ ಚೇಷ್ಟೆಯ ಮಾತನ್ನೂ ಆಡಿರಲಿಲ್ಲ.

"ಅಕ್ಕಾರ, ಒಂದ ಮಾತ ಕೇಳ್ತೇನಿ, ಖರೇ ಹೇಳ್ರಿ. ಖಂಡೇಪೂಜಿ ದಿನಾ ನಾ ಟಾಕಿಗೆ ಮೂರು ಕೊಡ ಎರದೆ. ಮ್ಯಾಲ ಮುಚ್ಚಳಾ ಇತ್ತೋ ಇಲ್ಲೋ, ನಾ ನೋಡ್ಲೇ ಇಲ್ರಿ. ಆ ನೀರ ಒಳಗ ಹೋಗಿತ್ತಂದ್ರ?" ಅವಳ ದನಿ ಇಳಿಯಿತು. "ನಿದ್ದಿ ಹತ್ತವಲ್ದು. ಆ ಸಾಬಗ ಸುಮ್ಮ ಸುಮ್ಮನ ಕಳ್ಳ ಅಂದ್ರಲ್ರಿ. ನಾನ ಧಣ್ಯಾರ ಮುಂದ ಹೋಗಿ ಹೇಳಿಬಿಡ್ಲೇನು? ಬೈದ್ರ ಬೈಲಿ. ತಗದ್ರ ತಗೀಲಿ. ನನಗೇನ ಹಿಂದಿಲ್ಲ ಮುಂದಿಲ್ಲ."

ನೀಲಕ್ಕ ಬಾಟಲಿಯ ಕಡೆ ನೋಡುತ್ತಿದ್ದಳು. ಎಣ್ಣೆಯಲ್ಲಿ ಎದ್ದಿದ್ದ ಸಣ್ಣ ಗುಳ್ಳೆಗಳು ಒಂದೊಂದಾಗಿ ಮೇಲೆ ಹೋಗಿ ಒಡೆಯುತ್ತಿದ್ದವು. ಇದು ಇಷ್ಟು ಸುಲಭವಿತ್ತು. ಓದು ಬರಹವಿಲ್ಲದ ಈ ಹೆಂಗಸು ಅದನ್ನು ನಾಲ್ಕು ಮಾತಿನಲ್ಲಿ, ಕರ್ತೃ ಕರ್ಮ ಎಲ್ಲ ಅದರದರ ಜಾಗದಲ್ಲಿಟ್ಟು ಹೇಳಿದ್ದಳು. ಅವಳು ಹೋಗಿ ಹೇಳಿದರೆ ಶಂಭುಲಿಂಗಪ್ಪ ರಜಿಸ್ಟರು ತೆರೆಯುತ್ತಾರೆ. ಶುಕ್ರವಾರದ ನೀರು ಸೋಮವಾರ ಹೇಗೆ ಕಾಣಲಿಲ್ಲ ಎಂದು ಕೇಳುತ್ತಾರೆ.

"ಇಲ್ಲ ಅನ್ನವ್ವ," ಎಂದಳು. "ಆ ನೀರು ಒಳಗ ಹೋಗಿಲ್ಲ."

"ಖರೇನ ಏನ್ರಿ?"

"ಪೂಜಿ ಆಗಿ ಮೂರು ದಿನಕ್ಕ ನಾನ ಬಾಟಲಿ ಹಿಡದು ನೋಡೇನಲ್ಲ. ತಿಳಿ ಇತ್ತು."

ಅಷ್ಟು ದಿನ ಅವಳು ಬರೆದಿದ್ದಳು, ಬರೆದದ್ದು ತಾನೇ ಎಂದಿದ್ದಳು, ತಿಳಿದುಬಂದಿಲ್ಲ ಎಂದಿದ್ದಳು. ನೋಡಿದೆ ಎಂದು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ದನಿ ನಡುಗಲಿಲ್ಲ. ಅನ್ನವ್ವ ಎರಡೂ ಕೈಯಿಂದ ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಬದುಕಿದೆ ನಮ್ಮವ್ವ. ನೀವು ಕಲತಾವ್ರು ಹೇಳಿದ್ರಿ, ಸಾಕು. ಹಂಗಾದ್ರ ಅಂವಾ ಖರೇನ ಮಾರ್ಯಾನ ಬಿಡ್ರಿ. ಮುಖಾ ನೋಡಿದ್ರ ಹಂಗ ಅನಸೂದಿಲ್ಲ, ಅಲ್ಲ?" ಎಂದಳು. ಹೋಗುವಾಗ ಬಾಗಿಲಲ್ಲಿ ನಿಂತು, ಕಟ್ಟೆಯ ಮೇಲಿನ ಬಾಟಲಿಯತ್ತ ಗದ್ದ ಚಾಚಿ, "ಮತ್ತ ಹೊಸಾ ಟಾಕಿಗೆ ಎಷ್ಟರಾಗ ಬಿದ್ದಾವ್ರಿ?" ಎಂದು ನಕ್ಕಳು.

ನೀಲಕ್ಕ ವೃತ್ತಪತ್ರಿಕೆಯ ಹಾಳೆ ಎತ್ತಿ ಬಾಟಲಿಯ ಹಿಂದೆ ಹಿಡಿದಳು. ಹತ್ತಿಯ ಧಾರಣೆ, ಗದಗಕ್ಕೆ ಹೋಗುವ ರೈಲಿನ ವೇಳೆ. ಸಣ್ಣ ಅಕ್ಷರಗಳೂ ಕೊಂಬು ದೀರ್ಘಗಳ ಸಮೇತ ಹಳದಿಯಲ್ಲಿ ನಿಚ್ಚಳವಾಗಿ ನಿಂತಿದ್ದವು. ತಳದಲ್ಲಿ ಗೆರೆ ಇರಲಿಲ್ಲ. ರಜಿಸ್ಟರು ತೆರೆದು ತಾರೀಖು ಹಾಕಿ, ಹೋದ ವಾರದ ಶಬ್ದದ ನೇರ ಕೆಳಗೆ ಅದೇ ಶಬ್ದ ಬರೆದಳು. ಎರಡರಲ್ಲಿ ಯಾವುದು ನೋಡಿ ಬರೆದದ್ದು, ಯಾವುದು ನೋಡದೆ ಬರೆದದ್ದು ಎಂದು ಅವಳಿಗೇ ಗುರುತು ಹತ್ತುವಂತಿರಲಿಲ್ಲ. ಎಣ್ಣೆಯನ್ನು ಟಾಕಿಗೆ ಸುರಿದು ಬಂದು, ಅಂಗಳದ ನಳದಲ್ಲಿ ಬಾಟಲಿ ತೊಳೆದಳು; ಕೊರಳಿನೊಳಗೆ ಬೆರಳು ಹಾಕಿ ತಿರುವಿದಳು. ನೇರಳೆ ಉಗುರು ಗಾಜಿನ ಒಳಗಿನಿಂದ ದೊಡ್ಡದಾಗಿ ಕಂಡಿತು. ಇದನ್ನು ಯಾರಿಗೂ ಹೇಳುವುದಿಲ್ಲ, ಎಂದುಕೊಂಡಳು. ಆ ವಾಕ್ಯದಲ್ಲಿ ತಿದ್ದುವಂಥದು ಏನೂ ಇರಲಿಲ್ಲ. ಬಾಟಲಿಯನ್ನು ಬೋರಲು ಹಾಕಿ, ಎಂಟು ಬಾಟಲಿಗಳು ಕಾಯುತ್ತಿದ್ದ ಮೇಜಿಗೆ ಮರಳಿದಳು.